ನಾಲ್ಕು ಟರ್ಮಿನಲ್ ಕಂಡ ಕೂಡಲೇ ಇನ್ನೊಂದು ಆಂಪ್ ಯಾಕೆ?

ಸ್ಪೀಕರಿನ ಬೆನ್ನಲ್ಲಿ ಎರಡರ ಬದಲು ನಾಲ್ಕು ಟರ್ಮಿನಲ್ ಉಂಟು ಅಂತಾದರೆ ನಮ್ಮ ಹೈಫೈ ಹುಚ್ಚಿನವರಿಗೆ ಕೈ ತುರಿಸ್ಲಿಕ್ಕೆ ಶುರುವಾಗ್ತದೆ. ಕದ್ರಿಯಲ್ಲಿ ಹೊಸ ಫ್ಲ್ಯಾಟಿಗೆ ಬಂದ ಗೆಳೆಯರೊಬ್ಬರು ಮೊನ್ನೆ ಕೇಳಿದ್ದೂ ಅದನ್ನೇ: "ಬೈ-ಆಂಪ್ ಮಾಡುವನಾ ಮಾರಾಯ್ರೆ? ವೂಫರಿಗೊಂದು, ಟ್ವೀಟರಿಗೊಂದು?" (ವೂಫರ್ ಅಂದರೆ ಸ್ಪೀಕರಿನೊಳಗೆ ಬಾಸಿನ ದಪ್ಪ ಸ್ವರ ನುಡಿಸುವಂಥದ್ದು, ಟ್ವೀಟರ್ ತೆಳು ಸ್ವರದ್ದು; ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್ ಹಾಕುದೇ ಬೈ-ಆಂಪ್.) ಬೇಡ ಅಂದೆ. ಅವರ ಮುಖ ಸಪ್ಪೆಯಾಯ್ತು. ಎರಡು ಆಂಪಿನ ಮೇಲೆ ನನಗೇನೂ ದ್ವೇಷ ಇಲ್ಲ. ಸಿಗ್ನಲನ್ನು ಬಾಸ್, ಟ್ರೆಬಲ್ ಅಂತ ಪಾಲು ಮಾಡುವ ಕ್ರಾಸ್‌ಓವರ್ ಆಂಪಿಗಿಂತ ಮೊದಲು ಉಂಟಾ, ಆಮೇಲೆ ಉಂಟಾ, ನನ್ನ ತಕರಾರೆಲ್ಲ ಅಷ್ಟರಲ್ಲೇ.

ಟರ್ಮಿನಲ್ ಜೋಡಿಸುವ ಲೋಹದ ಪಟ್ಟಿ ತೆಗೆದು ಎರಡು ಆಂಪ್ ಹಾಕಿದಿರಿ ಅಂತಿಟ್ಟುಕೊಳ್ಳಿ. (ಪಟ್ಟಿ ತೆಗೀಲಿಕ್ಕೆ ಮರೆತರೆ ಎರಡು ಆಂಪ್ ಒಂದಕ್ಕೊಂದು ಜಗಳಾಡಿ ಸುಟ್ಟೇ ಹೋದಾವು.) ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರಿನ ಕ್ರಾಸ್‌ಓವರ್ ಅಲ್ಲೇ ಉಂಟಲ್ಲ! ಟ್ವೀಟರಿನ ಆಂಪಿಗೂ ಬಾಸ್ ಸಮೇತ ಪೂರ್ತಿ ಸಿಗ್ನಲ್ ಬರ್ತದೆ. ಬಾಸಿಗೆ ಕರೆಂಟ್ ಕೊಡಬೇಕಾಗಿಲ್ಲ ನಿಜ, ವೋಲ್ಟೇಜ್ ಮಾತ್ರ ಅಷ್ಟೂ ಎತ್ತಲೇಬೇಕು. ಹಾಗಾಗಿ ಒಂದೇ ಥರದ ಎರಡು ಆಂಪ್ ಇಟ್ಟರೆ ಎರಡೂ ಹೆಚ್ಚುಕಮ್ಮಿ ಒಂದೇ ವಾಲ್ಯೂಮಿನಲ್ಲಿ ಕ್ಲಿಪ್ ಆಗ್ತವೆ, ಅಂದರೆ ಮಿತಿ ಮುಟ್ಟಿ ಸ್ವರ ಒಡೀತದೆ. ಎವಿ ರಿಸೀವರಿನ (ಹೋಮ್ ಥಿಯೇಟರಿನ ಆಂಪ್) ಮೆನುವಿನಲ್ಲಿ ಬೈ-ಆಂಪ್ ಅಂತ ಇರ್ತದಲ್ಲ, ಅದಂತೂ ಒಂದೇ ಪವರ್ ಸಪ್ಲೈಯನ್ನು ಇಬ್ಬರಿಗೆ ಹಂಚುವ ಕೆಲಸ. ಇನ್ನು ವ್ಯಾಟಿನ ಲೆಕ್ಕ: 50 ವ್ಯಾಟ್ 100 ಆದರೂ ಹೆಚ್ಚುವುದು 3 ಡೆಸಿಬೆಲ್. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು.

"ವ್ಯತ್ಯಾಸ ಕೇಳ್ತದಲ್ಲ" ಅಂತೀರಿ. ಕೇಳ್ತದೆ. ವೂಫರಿನ ಆಂಪಿನ ಗೇನ್ (ಸಿಗ್ನಲನ್ನು ಎಷ್ಟು ದೊಡ್ಡದು ಮಾಡ್ತದೆ ಅನ್ನುವ ಲೆಕ್ಕ) 26 ಡೆಸಿಬೆಲ್, ಟ್ವೀಟರಿನದ್ದು 29 ಇದ್ದರೆ ಟ್ವೀಟರ್ 3 ಡೆಸಿಬೆಲ್ ಜಾಸ್ತಿ ಕೂಗ್ತದೆ. ಅದಕ್ಕೆ ನಾವು "ಎಂಥ ಡಿಟೇಲ್!" ಅಂತ ತಲೆದೂಗುದು. ಟ್ರೆಬಲ್ ಗುಂಡಿ ತಿರುಗಿಸಿದ್ದರೆ ಪುಕ್ಕಟೆ ಆಗ್ತಿತ್ತು.

ನಿಜವಾದ ಬೈ-ಆಂಪ್ ನೋಡಬೇಕಾದರೆ ಬಯಲಾಟಕ್ಕೆ ದೊಡ್ಡ ಸೆಟ್ ತರುವ ಸೌಂಡ್ಸ್‌ನವರ ರ್‍ಯಾಕಿನ ಹತ್ತಿರ ಹೋಗಿ ನಿಲ್ಲಿ. ಮಿಕ್ಸರಿನಿಂದ ಹೊರಟ ಸಿಗ್ನಲ್ ಮೊದಲು ಕ್ರಾಸ್‌ಓವರಿಗೆ ಹೋಗ್ತದೆ. ಅಲ್ಲಿ ಪಾಲಾಗಿ ಬಾಸಿನದ್ದು ಬಾಸಿನ ಆಂಪಿಗೆ, ಮೇಲಿನದ್ದು ಮೇಲಿನ ಆಂಪಿಗೆ. ಮದ್ದಳೆಯ ದಪ್ಪ ಹೊಡೆತಕ್ಕೆ ಬಾಸ್ ಆಂಪಿನ ಕೆಂಪು ದೀಪ ಮಿನುಗಿದರೂ ಆ ಒಡಕು ಮೇಲಿನ ಸ್ವರದ ಹಾರ್ನಿಗೆ ದಾಟುದಿಲ್ಲ. ಭಾಗವತರ ಸ್ವರಕ್ಕಾಗಲಿ, ಜಾಗಟೆಗಾಗಲಿ ಏನೂ ಆಗುದಿಲ್ಲ. ಹೀಗೆ ಪಾಲು ಮಾಡ್ಲಿಕ್ಕೆ ಇಂಥ ಕಡೆ ಹೆಚ್ಚಾಗಿ ಕಾಣುವ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್, ಎಚ್‌ಪಿ ಕಂಪನಿಯಲ್ಲಿದ್ದ ಇಬ್ಬರು ಎಂಜಿನಿಯರುಗಳದ್ದು. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಸೇರುವ ಜಾಗದಲ್ಲಿ ಎರಡೂ ಪಾಲು 6 ಡೆಸಿಬೆಲ್ ಇಳಿದಿರ್ತದೆ, ಕೂಡಿದಾಗ ಸಪಾಟು.

ಮನೆಯಲ್ಲೂ ಮಾಡಬಹುದು, ಮಿನಿಡಿಎಸ್‌ಪಿಯಂಥ ಡಿಜಿಟಲ್ ಕ್ರಾಸ್‌ಓವರ್ ಪೆಟ್ಟಿಗೆ ತಂದು. ಆದರೆ ಸ್ಪೀಕರಿನೊಳಗಿನ ಕ್ರಾಸ್‌ಓವರ್ ಕೀಳಬೇಕು, ಮೈಕ್ ಇಟ್ಟು ಅಳೀಬೇಕು. ನೇರ ಆಂಪಿಗೆ ಸಿಕ್ಕಿಸಿದ ಟ್ವೀಟರ್ ಸುಡ್ಲಿಕ್ಕೆ ಸ್ವಿಚ್ ಹಾಕುವಾಗಿನ ಒಂದು "ಡಬ್" ಸಾಕು, ಹಾಗಾಗಿ ಸೀರೀಸಿನಲ್ಲೊಂದು ಕೆಪಾಸಿಟರ್ ಇರಲಿ. ಮಲ್ಪೆ, ಸುರತ್ಕಲ್ ಕಡಲಬದಿಯವರಿಗೆ ಉಪ್ಪುಗಾಳಿಗೆ ತಾಮ್ರದ ತುದಿ ಹಸಿರಾಗುದು ಗೊತ್ತೇ ಉಂಟು. ಜಾಯಿಂಟ್ ಹೆಚ್ಚಾದಷ್ಟು ತಲೆಬಿಸಿ. ಇಷ್ಟೆಲ್ಲ ಯಾರಿಗೆ ಬೇಕು ಅನ್ನುವವರು ಒಳಗೇ ಆಂಪ್ ಇರುವ ಸ್ಟುಡಿಯೋ ಮಾನಿಟರ್ ತಗೊಳ್ಳಿ, ಅದರಲ್ಲಿ ಕಂಪನಿಯವರೇ ಲೆಕ್ಕ ಹಾಕಿ ಕೂರಿಸಿರ್ತಾರೆ.

ಈಗಾಗಲೇ ಸ್ಪೀಕರ್ ಇದ್ದವರಿಗೆ ನಾನು ಹೇಳುವ ಎರಡನೇ ಆಂಪ್, ತೀರ ತಗ್ಗಿನ ಬಾಸಿಗೆಂದೇ ಇರುವ ಸಬ್‌ವೂಫರಿನೊಳಗಿರುವಂಥದ್ದು. ರಿಸೀವರಿನಲ್ಲಿ ಮುಂದಿನ ಸ್ಪೀಕರನ್ನು 'ಸ್ಮಾಲ್' ಮಾಡಿ, 80 ಹರ್ಟ್ಸಿಗೆ ಕ್ರಾಸ್‌ಓವರ್ ಇಡಿ. ಬಾಸಿನ ಭಾರ ಸಬ್ಬಿಗೆ ಹೋಯ್ತು, ರಿಸೀವರಿಗೆ ಹಗುರ. ಇದೂ ಬೈ-ಆಂಪೇ, ಪಾಲು ಮಾಡಿದ್ದು ಆಂಪಿಗಿಂತ ಮೊದಲು. ಉಳಿದ ದುಡ್ಡು ಕೋಣೆಗೆ ಹಾಕಿ: ದಪ್ಪ ಪರದೆ, ಪುಸ್ತಕದ ಕಪಾಟು. ಕಾರ್ಪೆಟ್ ಕೂಡ ಒಳ್ಳೆಯದೇ, ಆದರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯದ ಕಾರ್ಪೆಟ್ ಸಿಕ್ಕಿದರೆ ನನಗೂ ಅಂಗಡಿ ಹೇಳಿ.

12 ಅಡಿ ಕೋಣೆ 47 ಹರ್ಟ್ಸಿನ ಹತ್ತಿರ ತಾನಾಗಿ ಗುಂಯ್‌ಗುಡ್ತದೆ, ಅದಕ್ಕೆ ಯಾವ ಆಂಪೂ ಮದ್ದಲ್ಲ. ಸಬ್ಬನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬಾಸ್ ಇರುವ ಹಾಡು ಹಾಕಿ, ಗೋಡೆ ಬದಿಯಲ್ಲಿ ಅಂಬೆಗಾಲಿಡುತ್ತಾ ಕೇಳಿ. ಎಲ್ಲಿ ಹದವಾಗಿ ಕೇಳ್ತದೋ ಅಲ್ಲಿ ಸಬ್ ಇಡಿ. ಮನೆಯವರು ನಗ್ತಾರೆ, ನಗಲಿ.