6ರಿಂದ 19ಕ್ಕೆ ಬಂದ ಹುಡುಗ ಯಾವ ಲೆಕ್ಕಕ್ಕೂ ಇಲ್ವಾ?

ನಿನ್ನೆಯಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಬರೆದರಾದರೂ ಹಗುರಾಗಬಹುದು ಅಂತ ಕೂತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರ್. "ಸರ್, ಒಂದ್ಸಲ ಬನ್ನಿ" ಅಂತ ಕರೀತಾನೇ ಇದ್ದಳು. ಹೋದೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಅವಳ ತರಗತಿಯ ಹೆಸರಿನ ಪಟ್ಟಿ ಇತ್ತು. ಪ್ರತಿ ಹೆಸರಿನ ಮುಂದೆ ಸ್ಕೆಚ್ ಪೆನ್ನಿನ ಬಣ್ಣ. ಹಸಿರು ಅಂದರೆ ಹೇಗೂ ಪಾಸಾಗುವವರು. ಹಳದಿ ಅಂದರೆ ಸ್ವಲ್ಪ ತಳ್ಳಿದರೆ ದಾಟುವವರು. ಕೆಂಪು ಅಂದರೆ ಕೈಬಿಟ್ಟವರು. ಶಾಲೆ ಬಿಟ್ಟ ಮೇಲಿನ ವಿಶೇಷ ತರಗತಿ ಹಳದಿಯವರಿಗೆ ಮಾತ್ರ. ಇದು ಅವಳ ಯೋಚನೆಯಲ್ಲ, ಮೇಲಿನಿಂದ ಬಂದ ಸೂಚನೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಕೆಂಪು ಪಟ್ಟಿಯ ಒಬ್ಬ ಹುಡುಗನ ಉತ್ತರ ಪತ್ರಿಕೆಗಳನ್ನು ತೆಗೆಸಿ ನೋಡಿದೆ. ವರ್ಷದ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 6. ಬಿಡಿ ಸ್ಥಾನದ ಕೆಳಗೆ ಬಿಡಿ ಸ್ಥಾನ ಬರೆಯಲೂ ಬರುತ್ತಿರಲಿಲ್ಲ. ಈಗಿನ ಪರೀಕ್ಷೆಯಲ್ಲಿ 403ರಿಂದ 178 ಕಳೆಯುವ ಲೆಕ್ಕ ಇತ್ತು. ನಡುವೆ ಸೊನ್ನೆ ಬಂದರೆ ಎಷ್ಟು ಮಕ್ಕಳು ಅಲ್ಲೇ ಎಡವುತ್ತಾರೆ ಅಂತ ಪಾಠ ಮಾಡಿದವರಿಗೆ ಗೊತ್ತು. ಈ ಹುಡುಗ ಸೊನ್ನೆ ಹೊಡೆದು 9 ಬರೆದಿದ್ದಾನೆ, 4ನ್ನು 3 ಮಾಡಿದ್ದಾನೆ, ಒಮ್ಮೆ ತಪ್ಪಿ ಅಳಿಸಿದ ಗುರುತೂ ಇದೆ, ಕೊನೆಗೆ 225 ತಂದಿದ್ದಾನೆ. ಒಟ್ಟು 19 ಅಂಕ. ನನಗೆ ಕಣ್ಣು ತುಂಬಿ ಬಂತು.

ಶಾಲೆಯ ವರದಿಯಲ್ಲಿ ಈ ಹುಡುಗನಿಗೆ ಏನು ಬೆಲೆ? ಸೊನ್ನೆ. ಯಾಕಂದರೆ ಗೆರೆ ಇರುವುದು 35ಕ್ಕೆ. ಅವನ ಪಕ್ಕದವನು 34ರಿಂದ 36ಕ್ಕೆ ಬಂದ, ಶಾಲೆಯ ಫಲಿತಾಂಶ ಏರಿತು. ಇವನು 13 ಅಂಕ ಏರಿದ, ಯಾರಿಗೂ ಕಾಣಲಿಲ್ಲ.

ಇದು ಒಂದು ಶಾಲೆಯ ಕಥೆ ಅಲ್ಲ. ಶಾಲೆಗಳು ಲೆಕ್ಕ ಒಪ್ಪಿಸಬೇಕು ಅಂತ ಹೊರಟವರು ಎಲ್ಲೆಲ್ಲಿ ಗೆರೆ ದಾಟಿದವರ ತಲೆ ಮಾತ್ರ ಎಣಿಸಿದರೋ ಅಲ್ಲೆಲ್ಲಾ ಹೀಗೇ ಆಗಿದೆ. ಇಂಗ್ಲೆಂಡಿನಲ್ಲಿ 16ನೇ ವಯಸ್ಸಿನ ಹೊತ್ತಿಗೆ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯ 5 ವಿಷಯಗಳಲ್ಲಿ ಸಿ ಅಥವಾ ಮೇಲಿನ ಗ್ರೇಡ್ ಪಡೆದವರು ಶೇಕಡಾ ಎಷ್ಟು ಅನ್ನುವುದೇ ಎಷ್ಟೋ ವರ್ಷ ಅಳತೆಗೋಲಾಗಿತ್ತು. ಆಗ ಅಲ್ಲಿನ ಶಾಲೆಗಳ ಗಮನವೆಲ್ಲ ಸಿ ಮತ್ತು ಡಿ ನಡುವಿನ ಮಕ್ಕಳ ಮೇಲೆ. ಅಮೆರಿಕದಲ್ಲಿ 2002ರಲ್ಲಿ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ, 2014ರೊಳಗೆ ಪ್ರತಿ ಮಗುವೂ ಓದು ಮತ್ತು ಗಣಿತದಲ್ಲಿ ಗೆರೆ ದಾಟಲೇಬೇಕು ಅಂದಿತು. ಆಗಲಿಲ್ಲ. 2015ರಲ್ಲಿ ಬೇರೆ ಕಾಯ್ದೆ ತಂದರು. ಆ ನಡುವೆ ಅಟ್ಲಾಂಟಾದಲ್ಲಿ ಶಿಕ್ಷಕರೇ ಮಕ್ಕಳ ತಪ್ಪು ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು. 44 ಶಾಲೆಗಳು, 178 ಮಂದಿಯ ಹೆಸರು. ಅವರೆಲ್ಲ ಹುಟ್ಟಾ ಕೆಟ್ಟವರು ಅಂತ ನಾನು ನಂಬುವುದಿಲ್ಲ. ಒಂದೇ ಅಂಕಿಯ ಮೇಲೆ ಕೆಲಸ, ಮರ್ಯಾದೆ ಎಲ್ಲ ನಿಂತರೆ ಆ ಅಂಕಿಯೇ ಕೆಡುತ್ತೆ ಅಂತ ಡೊನಾಲ್ಡ್ ಕ್ಯಾಂಬೆಲ್ ಎಂಬ ಸಮಾಜ ವಿಜ್ಞಾನಿ 1970ರ ದಶಕದಲ್ಲೇ ಹೇಳಿದ್ದರು.

ಇಷ್ಟೆಲ್ಲಾ ಮಾತಾಡುವ ನಾನೂ ಇದೇ ಕೆಲಸ ಮಾಡಿದ್ದೇನೆ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ಗೆರೆ ಹತ್ತಿರವಿದ್ದ 11 ಮಕ್ಕಳನ್ನು ಮಾತ್ರ ಆರಿಸಿ ಸಂಜೆ ಪಾಠ ಮಾಡಿದೆ. ಒಬ್ಬಳು ಹುಡುಗಿ ಬಾಗಿಲ ಹತ್ತಿರ ಬಂದು "ನಾನೂ ಕೂತ್ಕೊಳ್ಲಾ ಸರ್?" ಅಂದಳು. "ನಿಂಗೆ ಆಮೇಲೆ ಬೇರೆ ಮಾಡ್ತೀನಮ್ಮ" ಅಂದೆ. ಮಾಡಲಿಲ್ಲ. ಆ ವರ್ಷ ಫಲಿತಾಂಶ ಏರಿತು, ಪ್ರಶಂಸಾ ಪತ್ರ ಬಂತು. ಅವಳು ಆಮೇಲೆ ತರಗತಿಯಲ್ಲಿ ಕೈ ಎತ್ತಲೇ ಇಲ್ಲ.

"ಹಾಗಾದರೆ ಅಳೆಯೋದೇ ಬೇಡ್ವಾ? ಅಳೆಯದಿದ್ದರೆ ಶಾಲೆಗಳು ಸುಮ್ನೆ ಕೂರ್ತವೆ" ಅಂತ ಕೆಲವರು ಕೇಳುತ್ತೀರಿ, ಗೊತ್ತು. ಅಳೆಯಬೇಡಿ ಅಂತ ಯಾರು ಹೇಳಿದ್ದು? ಆ ಅಮೆರಿಕದ ಕಾಯ್ದೆಯೇ ಬಡ ಮಕ್ಕಳ, ಅಂಗವಿಕಲ ಮಕ್ಕಳ ಫಲಿತಾಂಶವನ್ನು ಬೇರೆಯಾಗಿ ತೋರಿಸಿ ಅಂದಿತ್ತು. ಅದು ಒಳ್ಳೆಯದೇ. ಸರಾಸರಿಯ ಹಿಂದೆ ಅವರನ್ನು ಅಡಗಿಸಲು ಆಗಲಿಲ್ಲ. ಆದರೆ ತೂಗಲು ಹೊರಟ ಮೇಲೆ ಎಲ್ಲರನ್ನೂ ತೂಗಿ. ಗೆರೆ ಹತ್ತಿರ ಇರುವವರನ್ನು ಮಾತ್ರ ತೂಗುವುದಕ್ಕೆ ಅಳತೆ ಅಂತ ಹೇಗೆ ಕರೆಯುವುದು?

ಮಗು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು ಅಂತ ನೋಡುವ ದಾರಿ ಇದೆ. ಇಂಗ್ಲೆಂಡಿನಲ್ಲೇ 2016ರಿಂದ ಪ್ರೋಗ್ರೆಸ್ 8 ಅಂತ ಬಂತು. 11ನೇ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳ ಜೊತೆ ಹೋಲಿಸಿ 16ರಲ್ಲಿ ಈ ಮಗು ಎಲ್ಲಿದೆ ಅಂತ ನೋಡುವ ಅಳತೆ ಅದು. ಅದರಲ್ಲೂ ಕೊರತೆ ಇದೆ, ಮನೆಯ ಪರಿಸ್ಥಿತಿ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕ ಶಾಲೆಯಲ್ಲಿ ಇಬ್ಬರು ಮಕ್ಕಳು ಬದಲಾದರೆ ಫಲಿತಾಂಶವೇ ತಲೆಕೆಳಗಾಗುತ್ತೆ, ಅದಕ್ಕೆ ಮೂರು ವರ್ಷದ ಸರಾಸರಿ ತೆಗೆಯಬೇಕು. ಇನ್ನೊಂದು ಮಾತು. ಟೀಚರಿಂದ ಲೆಕ್ಕ ಕೇಳುವವರು ತಾವೂ ಲೆಕ್ಕ ಕೊಡಬೇಕು. ಖಾಲಿ ಹುದ್ದೆ ಯಾಕೆ ತುಂಬಲಿಲ್ಲ, ಪುಸ್ತಕ ಯಾಕೆ ತಡವಾಯಿತು, ತರಬೇತಿ ಯಾಕೆ ಸಿಗಲಿಲ್ಲ ಅಂತ ಶಾಲೆಗಳು ಫಲಿತಾಂಶ ತುಂಬಿ ಕಳಿಸುವ ಅದೇ ಫಾರ್ಮಿನಲ್ಲಿ ಅವರನ್ನೂ ಕೇಳಬೇಕು. ಕೆಳಗಿನವರು ಮಾತ್ರ ಉತ್ತರ ಕೊಡುತ್ತಾ ಹೋದರೆ ಅದು ಉತ್ತರದಾಯಿತ್ವ ಅಲ್ಲ, ಬರೀ ಹೆದರಿಕೆ.

ಆದರೂ ನನ್ನ ತಲೆ ಸುತ್ತಿ ಸುತ್ತಿ ಆ 225ಕ್ಕೇ ಬರುತ್ತಿದೆ. ಹೊರಡುವಾಗ ಆ ಫಾರ್ಮ್ ತೋರಿಸು ಅಂದೆ. ಒಟ್ಟು ಮಕ್ಕಳು, ಪಾಸಾದವರು, ಶೇಕಡಾ. ಅಷ್ಟೇ. ಅಂಥ ಫಾರ್ಮ್ ತಯಾರಿಸುವ ಕೆಲಸದಲ್ಲಿರುವ ಯಾರಾದರೂ ನನ್ನ ಸ್ನೇಹಿತರ ಪಟ್ಟಿಯಲ್ಲಿ ಇದ್ದರೆ ಕೈಮುಗಿದು ಕೇಳುತ್ತೇನೆ, ಮೊದಲ ಪರೀಕ್ಷೆಯ ಅಂಕಕ್ಕೆ ಒಂದು ಕಾಲಂ ಹಾಕಿ. ಆ ಹುಡುಗನ 6 ಎಲ್ಲಾದರೂ ಬರೆದಿರಲಿ. ಇಲ್ಲದಿದ್ದರೆ ಅವನ 19 ಯಾರಿಗೂ ಅರ್ಥವಾಗುವುದಿಲ್ಲ.