ಎರಡು ‘ಇಟ್ಸ್’ಗಳ ಜಗಳ

ಮೊನ್ನೆ ಗೆಳೆಯನೊಬ್ಬ ಅಪರೂಪಕ್ಕೆ ನನ್ನೆದುರು ವಾದದಲ್ಲಿ ಸೋತ. ಸೋತವನು ಇಂಗ್ಲಿಷಿನಲ್ಲಿ ಒಂದೇ ಸಾಲಿನ ಮೆಸೇಜ್ ಕಳಿಸಿದ, ‘ನೀನು ಹೇಳಿದ್ದೇ ಸರಿ’ ಅಂತ. ಆದರೆ ‘ಯೂ ಆರ್ ರೈಟ್’ ಇರಬೇಕಾದ ಕಡೆ ‘ಯುವರ್ ರೈಟ್’ ಇತ್ತು. ಗೆದ್ದ ಖುಷಿ ಅರ್ಧಕ್ಕರ್ಧ ಇಳಿದುಹೋಯಿತು. ನಾನು ಸರಿ ಅನ್ನುವುದನ್ನೇ ತಪ್ಪಾಗಿ ಬರೆದಿದ್ದಾನಲ್ಲ!

ಇದೊಂದು ಕೆಟ್ಟ ಚಾಳಿ, ಗೊತ್ತು. ಎದುರಿನವರು ಏನು ಹೇಳಿದರು ಅನ್ನುವುದಕ್ಕಿಂತ ಮೊದಲು ಎಲ್ಲಿ ಎಡವಿದರು ಅನ್ನುವುದು ನನ್ನ ಕಣ್ಣಿಗೆ ಬೀಳುತ್ತದೆ. ‘ಕುಡ್ ಹ್ಯಾವ್’ ಬದಲು ‘ಕುಡ್ ಆಫ್’ ಅಂತ ಬರೆದದ್ದನ್ನು ಕಂಡರಂತೂ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ. ಬರೆದವರದ್ದು ಪೂರ್ತಿ ತಪ್ಪೂ ಅಲ್ಲ ಅನ್ನಿ. ಆ ‘ಹ್ಯಾವ್’ ಅನ್ನು ಬೇಗ ಹೇಳಿದರೆ ಹಕಾರ ಸವೆದು ಬರೀ ‘ಅವ್’ ಉಳಿಯುತ್ತದೆ, ‘ಆಫ್’ ಕೂಡ ಮಾತಿನಲ್ಲಿ ಹೆಚ್ಚುಕಮ್ಮಿ ಹಾಗೇ ಕೇಳುತ್ತದೆ, ಕಿವಿಗೆ ಬಿದ್ದದ್ದನ್ನು ಕೈ ಬರೆಯುತ್ತದೆ. ನಮ್ಮ ಲಿಪಿಯಲ್ಲಾದರೆ ಕೇಳಿದ ಹಾಗೆ ಬರೆದವನಿಗೆ ಶಹಬ್ಬಾಸ್ ಸಿಗುತ್ತದೆ. ಇಂಗ್ಲಿಷಿನಲ್ಲಿ ನಗುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ರಗಳೆ ಎರಡು ‘ಇಟ್ಸ್’ಗಳದ್ದು. ಒಂದರ ಅರ್ಥ ‘ಅದರ’. ಇನ್ನೊಂದು ‘ಇಟ್ ಈಸ್’ ಅನ್ನುವುದರ ಚಿಕ್ಕ ರೂಪ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಜಗಳವೇ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎರಡರ ನಡುವೆ ಅಪಾಸ್ಟ್ರಫಿ ಎಂಬ ಒಂದು ಕೊಕ್ಕೆ ನೇತಾಡುತ್ತದೆ. ತಮಾಷೆ ಏನೆಂದರೆ, ರಾಮನ, ಸೀತೆಯ, ನಾಯಿಯ ಅನ್ನುವಾಗೆಲ್ಲ ಷಷ್ಠಿ ವಿಭಕ್ತಿಗೆ ಈ ಕೊಕ್ಕೆ ಬೇಕೇ ಬೇಕು, ‘ಅದರ’ ಅನ್ನುವಾಗ ಮಾತ್ರ ಹಾಕಿದರೆ ತಪ್ಪು. ಹಾಗಾಗಿ ಇಲ್ಲಿ ಎಡವುವವನು ದಡ್ಡನಲ್ಲ, ಕಲಿತ ನಿಯಮವನ್ನು ನಿಯತ್ತಾಗಿ ಪಾಲಿಸಿದವನು. ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟು ಮಾಡಿ 1623ರಲ್ಲಿ ಅಚ್ಚು ಹಾಕಿದ ಪುಸ್ತಕದಲ್ಲೂ ‘ಅದರ’ ಅನ್ನುವ ಅರ್ಥಕ್ಕೆ ಕೊಕ್ಕೆಯ ‘ಇಟ್ಸ್’ ಸಿಗುತ್ತದೆ. ಇದು ಗೊತ್ತಾದ ದಿನ ನನಗೆ ಸ್ವಲ್ಪ ಬೇಜಾರೇ ಆಯಿತು. ಇಷ್ಟು ವರ್ಷ ಬೈದದ್ದೆಲ್ಲ ಸುಮ್ನೆ ಹೋಯಿತಲ್ಲ ಅಂತ.

ನನ್ನಂಥವರು ಒಂಟಿಯಲ್ಲ. ಇಂಗ್ಲೆಂಡಿನಲ್ಲಿ ಜಾನ್ ರಿಚರ್ಡ್ಸ್ ಅನ್ನುವ ನಿವೃತ್ತ ಪತ್ರಕರ್ತರು 2001ರಲ್ಲಿ ಈ ಕೊಕ್ಕೆಯನ್ನು ಕಾಪಾಡುವುದಕ್ಕೆ ಅಂತಲೇ ಒಂದು ಸಂಘ ಕಟ್ಟಿದ್ದರು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅದನ್ನು ಮುಚ್ಚಿದರು. ಜನರ ಅಜ್ಞಾನ, ಸೋಮಾರಿತನ ಗೆದ್ದುಬಿಟ್ಟವು ಅಂತ ಬೇಸರಪಟ್ಟುಕೊಂಡರು. ಆ ವಯಸ್ಸಿನಲ್ಲೂ ಒಂದು ಕೊಕ್ಕೆಗಾಗಿ ಅಷ್ಟು ಸಿಟ್ಟು ಉಳಿಸಿಕೊಂಡಿದ್ದರಲ್ಲ, ಅದಕ್ಕೆ ನನ್ನದೊಂದು ನಮಸ್ಕಾರ.

ಎಲ್ಲ ನಿಯಮಕ್ಕೂ ನಾನು ಹೀಗೆ ಹಾರಾಡುವುದಿಲ್ಲ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್, ಅಂದರೆ ‘ಇನ್’, ‘ಟು’, ‘ವಿತ್’ ಥರದ ಪದ, ಬರಬಾರದಂತೆ. ಬಂದರೆ ಬರಲಿ ಬಿಡಿ. ಅದು 1672ರಲ್ಲಿ ಕವಿ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್ ಬರೆದದ್ದರಲ್ಲಿ ಹುಳುಕು ಹುಡುಕಿ ತೆಗೆದ ತಕರಾರು. ಜಾನ್ಸನ್ ತೀರಿಕೊಂಡು ಆಗಲೇ 35 ವರ್ಷ ಆಗಿತ್ತು. ಸತ್ತವರನ್ನೂ ಬಿಡದ ಚಾಳಿ ಇದು!

‘ಲಿಟರಲಿ’, ಅಂದರೆ ‘ಅಕ್ಷರಶಃ’, ಅನ್ನುವ ಪದದ ವಿಷಯಕ್ಕೆ ಮಾತ್ರ ಮೊದಲು ಸಿಕ್ಕಾಪಟ್ಟೆ ಕೋಪ ಬರುತ್ತಿತ್ತು. ‘ನಕ್ಕು ನಕ್ಕು ಲಿಟರಲಿ ಸತ್ತೇ ಹೋದೆ’ ಅಂತ ಬರೆಯುತ್ತಾರೆ, ಸತ್ತವರು ಬರೆದದ್ದು ಹೇಗೆ? ಆಮೇಲೊಂದು ದಿನ ನಾನೇ ಯಾವುದಕ್ಕೋ ‘ಭಯಂಕರ ಚೆನ್ನಾಗಿದೆ’ ಅಂದೆ. ಯಾರೂ ಹೆದರಿ ಓಡಲಿಲ್ಲ. ಅಲ್ಲಿಂದ ‘ಲಿಟರಲಿ’ಯನ್ನು ಅದರ ಪಾಡಿಗೆ ಬಿಟ್ಟುಬಿಟ್ಟಿದ್ದೇನೆ. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಈ ಉತ್ಪ್ರೇಕ್ಷೆಯ ಅರ್ಥವನ್ನು 1909ರಷ್ಟು ಹಿಂದೆಯೇ ಸೇರಿಸಿಕೊಂಡಿದ್ದರು. ನಾನು ಬಾಗಿಲು ಹಾಕಲು ಹೋದಾಗ ಅದು ಒಳಗೆ ಬಂದು ಕೂತು ಯಾವ ಕಾಲವಾಗಿತ್ತೋ.

ಇನ್ನೂ ಹಳೆಯ ತಪ್ಪುಗಳಿವೆ, ಈಗ ಅವನ್ನು ತಪ್ಪು ಅಂದರೆ ನಮ್ಮನ್ನೇ ನೋಡಿ ನಗುತ್ತಾರೆ. ‘ಏಪ್ರನ್’ ಹಿಂದೆ ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಅಂದದ್ದು ‘ಆನ್ ಏಪ್ರನ್’ ಅಂತ ಕೇಳಿಸಿ, ನಕಾರ ಪಕ್ಕದ ಪದಕ್ಕೆ ದಾಟಿ ಅಲ್ಲೇ ನೆಲೆಸಿತು. ಬಟಾಣಿಗೆ ಮೊದಲು ‘ಪೀಸ್’ ಅನ್ನುತ್ತಿದ್ದರು, ಒಂದಾದರೂ ‘ಪೀಸ್’ ಅಂತಲೇ. ಕೊನೆಯ ಸಕಾರ ಕೇಳಿ ಇದು ಬಹುವಚನ ಇರಬೇಕು ಅಂದುಕೊಂಡ ಜನ ಅದನ್ನು ಕಿತ್ತು ‘ಪೀ’ ಮಾಡಿದರು. ಮೊದಲ ಸಲ ಯಾರೋ ‘ಪೀ’ ಅಂದಾಗ ಪಕ್ಕದಲ್ಲಿ ನನ್ನಂಥವನೊಬ್ಬ ಕೂತು ಹಲ್ಲು ಕಡಿದಿರುತ್ತಾನೆ, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ಆ ದಿನ ಕೈ ಸುಮ್ಮನಿರಲಿಲ್ಲ. ಗೆಳೆಯನಿಗೆ ‘ಯುವರ್’, ‘ಯೂ ಆರ್’ಗಳ ಭೇದವನ್ನು ಉದ್ದಕ್ಕೆ ವಿವರಿಸಿ, ಕೊನೆಗೆ ‘ಸ್ವಲ್ಪ ಗ್ರಾಮರ್ ನೋಡ್ಕೋ’ ಅಂತಲೂ ಸೇರಿಸಿ ಇಂಗ್ಲಿಷಿನಲ್ಲೇ ಕಳಿಸಿದೆ. ಕಳಿಸಿದ ಮೇಲೆ ಓದಿದರೆ ‘ಗ್ರಾಮರ್’ ಪದದ ಕೊನೆಯಲ್ಲಿ ‘ಎ’ ಇರಬೇಕಾದ ಜಾಗದಲ್ಲಿ ‘ಇ’ ಕೂತಿದೆ. ಇನ್ನೊಬ್ಬರ ತಪ್ಪು ತಿದ್ದುವ ಬರಹದಲ್ಲಿ ಒಂದು ತಪ್ಪು ಇದ್ದೇ ಇರುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್‌ಸಂಡ್ 1992ರಲ್ಲಿ ‘ಮಫ್ರಿ ನಿಯಮ’ ಅಂತ ಹೆಸರಿಟ್ಟರು. ‘ಕೆಡುವಂಥದ್ದು ಕೆಟ್ಟೇ ಕೆಡುತ್ತದೆ’ ಅನ್ನುವ ಮರ್ಫಿ ನಿಯಮದ ಹೆಸರನ್ನು ಬೇಕಂತಲೇ ತಪ್ಪಾಗಿ ಬರೆದದ್ದು ಅದು. ನನ್ನದು ಬೇಕಂತ ಬರೆದದ್ದಲ್ಲ.

ಅಳಿಸೋಣ ಅನ್ನುವಷ್ಟರಲ್ಲಿ ಅವನು ಓದಿಬಿಟ್ಟಿದ್ದ. ಉತ್ತರವೂ ಬಂತು. ಮತ್ತೆ ಅದೇ ಎರಡು ಪದ, ‘ಯುವರ್ ರೈಟ್’. ಬೇಕಂತ ಬರೆದನೋ, ಅಭ್ಯಾಸಬಲವೋ, ಇವತ್ತಿಗೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಇಲ್ಲ.