ಅಭಿವ್ಯಕ್ತಿ ಸ್ವಾತಂತ್ರ್ಯ: ಎರಡೂವರೆ ನಿಮಿಷಕ್ಕೆ ಬೆಲ್ಲು

"ಪ್ರಿಯ ಪೋಷಕರೇ, ಶುಕ್ರವಾರ ಭಾಷಣ ಸ್ಪರ್ಧೆ. ವಿಷಯ: ಅಭಿವ್ಯಕ್ತಿ ಸ್ವಾತಂತ್ರ್ಯ. ಭಾಷಣವನ್ನು ಬುಧವಾರದೊಳಗೆ ಕ್ಲಾಸ್ ಟೀಚರಿಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು." ಇಂಥದ್ದೊಂದು ವಾಟ್ಸಾಪ್ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಏನೋ ಕೇಳೋಣವೆಂದು ಹೋದರೆ ಕೆಳಗೆ 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು'. ಹೆಬ್ಬೆರಳು ಎತ್ತಿದ ಚಿತ್ರ ಒತ್ತಲಿಕ್ಕೆ ಮಾತ್ರ ಅಡ್ಡಿಯಿಲ್ಲ. ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಡಾಕ್ಟರು, ಎಂಜಿನಿಯರು, ಬ್ಯಾಂಕ್ ಮ್ಯಾನೇಜರು ಎಲ್ಲರೂ ಒತ್ತುತ್ತಾರೆ. ಶಿಕ್ಷಣದಲ್ಲಿ ಪೋಷಕರ ಸಹಭಾಗಿತ್ವ ಅಂದರೆ ಇದೇ ಮಾರಾಯ್ರೆ.

ಮೂರು ನಿಮಿಷದ ಭಾಷಣಕ್ಕೆ ಸುಮಾರು 270 ಶಬ್ದ ಬೇಕು. "ವೇದಿಕೆಯ ಮೇಲಿರುವ ಗಣ್ಯರೇ, ತೀರ್ಪುಗಾರರೇ, ಗುರುವೃಂದದವರೇ" ಎನ್ನುವಷ್ಟರಲ್ಲಿ ಹದಿನೈದು ಸೆಕೆಂಡು ಹೋಯಿತು. ಉಳಿದದ್ದನ್ನು ಅಪ್ಪ ಮೊಬೈಲಿನಲ್ಲಿ ಹುಡುಕಿ ತೆಗೆಯುತ್ತಾರೆ, ಅಮ್ಮ ಮಗುವಿನ ನಾಲಿಗೆಗೆ ಹೊರಳದ ಒತ್ತಕ್ಷರ ಕಡಿಮೆ ಮಾಡುತ್ತಾರೆ, ಟೀಚರು ಅವನ್ನೇ ವಾಪಸು ಸೇರಿಸುತ್ತಾರೆ. ಅಂಚಿನಲ್ಲಿ ಕೆಂಪು ಪೆನ್ನಿನ ಸೂಚನೆ: 'ಸಂವಿಧಾನದ 19ನೇ ವಿಧಿ' ಬಂದಾಗ ಬಲಗೈ ಮೇಲೆ, 'ಯುವಜನತೆ' ಬಂದಾಗ ಎದೆಗೆ. ಇಷ್ಟಾಗಿಯೂ ಮಗು ಸಿಕ್ಕಿಬೀಳುವುದು ಪ್ಯಾರಾ ಬದಲಾಗುವಲ್ಲಿ. ಅರ್ಥ ತಿಳಿದು ಕಲಿತಿದ್ದರೆ ಒಂದು ಶಬ್ದ ಮರೆತಾಗ ಇನ್ನೊಂದು ಹಾಕಿ ದಾಟಬಹುದು. ಬರೀ ಸದ್ದನ್ನು ಉರು ಹೊಡೆದದ್ದಾದರೆ ಪುನಃ 'ಗಣ್ಯರೇ' ಎಂಬಲ್ಲಿಂದಲೇ ಹೊರಡಬೇಕು. ಅಷ್ಟರಲ್ಲಿ ಎರಡೂವರೆ ನಿಮಿಷದ ಬೆಲ್ಲು. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಬಸ್ಸಿಡೀ ಕೇಳುವ ಹಾಗೆ ಹರಟುವ ಅದೇ ಮಗು!

ಭಾಷಣವನ್ನಾದರೂ ಬಾಯಲ್ಲಿ ಇಟ್ಟುಕೊಂಡು ಹೋಗಬಹುದು, ಮಾಡೆಲ್ ಹಾಗಲ್ಲ. ಜುಲೈ ತಿಂಗಳ ಮಳೆಯಲ್ಲಿ ರಾತ್ರಿ ಒಂಬತ್ತಕ್ಕೆ ಮಗುವಿಗೆ ನೆನಪಾಗುತ್ತದೆ, ನಾಳೆ ಥರ್ಮಾಕೋಲಿನ ಕಾಪು ದೀಪಸ್ತಂಭ ಒಯ್ಯಬೇಕು. ಫೆವಿಕಾಲ್ ಹಚ್ಚಿದರೆ ಒಣಗುವುದಿಲ್ಲ. ಅದು ನೀರಿನ ಗೋಂದು, ಥರ್ಮಾಕೋಲ್ ನೀರು ಹೀರದು, ಗಾಳಿಯಲ್ಲೂ ಪಸೆ. ಅವಸರಕ್ಕೆ ಚಪ್ಪಲಿ ಅಂಟಿಸುವ ರಬ್ಬರ್ ಗೋಂದು ಹಾಕಿದಿರೋ, ಅದಕ್ಕೆ ಥರ್ಮಾಕೋಲೇ ಕರಗಿ ದೀಪಸ್ತಂಭದ ಬುಡದಲ್ಲಿ ಗುಂಡಿ. ಸ್ಪ್ರೇ ಪೈಂಟ್ ಹೊಡೆದರೂ ಅದೇ ಗತಿ, ಬಣ್ಣಕ್ಕೆ ಪೋಸ್ಟರ್ ಕಲರೇ ಆಗಬೇಕು. ಅನುಭವಸ್ಥರು ಫೆವಿಕಾಲ್ ತೆಳುವಾಗಿ ಸವರಿ, ಹಿಡಿಸೂಡಿ ಕಡ್ಡಿಯನ್ನು ಒಂದೂವರೆ ಇಂಚಿಗೆ ಮುರಿದು ಮೊಳೆಯಂತೆ ಚುಚ್ಚಿ, ರಾತ್ರಿಯಿಡೀ ಫ್ರಿಜ್ಜಿನ ಹಿಂದಿನ ಬಿಸಿಗೆ ಇಡುತ್ತಾರೆ. ಕತ್ತರಿಸುವ ಬ್ಲೇಡನ್ನು ಮೇಣದಬತ್ತಿಗೆ ಹಿಡಿದರೆ ಕಾಳು ಉದುರುವುದಿಲ್ಲ. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ಮಗುವಿಗೆ ಇದರಲ್ಲಿ ಕೆಲಸವೇ ಇಲ್ಲವೆಂದಲ್ಲ. ನಡುವೆ ಕರೆಂಟ್ ಹೋಗುತ್ತದೆ, ಟಾರ್ಚ್ ಹಿಡಿಯಲಿಕ್ಕೆ ಒಬ್ಬರು ಬೇಕು. ಮರುದಿನ 'ಎ ಪ್ಲಸ್' ಬರುತ್ತದೆ, ಅಪ್ಪನಿಗೆ.

ಇಷ್ಟು ದುಡಿಯುವವರಿಗೆ ಕಾನೂನು ಕುರ್ಚಿಯನ್ನೂ ಹಾಕಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮಲ್ಲಿ ಅದಕ್ಕೆ ಎಸ್‌ಡಿಎಂಸಿ ಎಂದು ಹೆಸರು. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗೆ ಆ ಸೆಕ್ಷನ್ ಅನ್ವಯಿಸುವುದಿಲ್ಲ. 2012ರ ತಿದ್ದುಪಡಿಯ ನಂತರ ಅನುದಾನಿತ ಶಾಲೆಗಳಲ್ಲೂ ಸಮಿತಿ ಸಲಹೆ ಕೊಟ್ಟು ಎದ್ದು ಬರಬಹುದು, ಅಷ್ಟೆ. ಅಂದರೆ ಫೀಸಿಲ್ಲದ ಕಡೆ ಮುಕ್ಕಾಲು ಕುರ್ಚಿ, ಲಕ್ಷ ಕಟ್ಟಿದ ಕಡೆ ಹೆಬ್ಬೆರಳು. ನಾವು ಬುದ್ಧಿವಂತರ ಜಿಲ್ಲೆಯವರು ನೋಡಿ, ಸಾಲ ಮಾಡಿ ಹೆಬ್ಬೆರಳನ್ನೇ ಆರಿಸಿಕೊಂಡೆವು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡು, 2025ರಲ್ಲಿ ಅದಲುಬದಲು. ಫಲಿತಾಂಶ ಹೀಗಿರುವಾಗ ಮಾತು ಎಂತಕ್ಕೆ?

ಆ ಭಾಷಣಕ್ಕೆ ಸರಿಯಾಗಿ ಹೊಂದುವ ಸಂಗತಿಯೊಂದು ಪಕ್ಕದ ಕೇರಳದಲ್ಲೇ ಉಂಟು. ಅಲ್ಲಿ 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮನೆಯವರು ಯೆಹೋವನ ಸಾಕ್ಷಿಗಳು, ನಂಬಿಕೆ ಹಾಗೆ. ತಂದೆ ಶಾಲೆಗೆ ತಲೆಬಾಗದೆ ಕೋರ್ಟಿಗೆ ಹೋದರು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳನ್ನು ಪುನಃ ಸೇರಿಸಿಕೊಳ್ಳಿ ಎಂದಿತು. ಹಾಡದೆ ಸುಮ್ಮನಿರುವುದಕ್ಕೂ 19ನೇ ವಿಧಿಯ ರಕ್ಷಣೆ ಸಿಕ್ಕಿತು. ಆ ಲೆಕ್ಕದಲ್ಲಿ ಪ್ಯಾರಾ ಮರೆತು ವೇದಿಕೆಯಲ್ಲಿ ಬಾಯಿ ಮುಚ್ಚಿ ನಿಂತ ಮಗು ಸಂವಿಧಾನಬದ್ಧವಾಗಿಯೇ ನಿಂತಿದೆ. ಐದು ಅಂಕ ಕಡಿತ. ಇದನ್ನು ಬರೆದು ಬುಧವಾರ ಟೀಚರಿಗೆ ತೋರಿಸಿ ನೋಡಿ, 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಕೆಂಪು ಗೀಟು.

ಮಗು ಸ್ವಂತ ಮಾತು ಆಡಬಹುದಾದ ಜಾಗವೂ ಒಂದಿದೆ, ಪಂಚಾಯತಿನ ಮಕ್ಕಳ ಗ್ರಾಮಸಭೆ. ಅದನ್ನೂ ನಾವು ಬಿಟ್ಟಿಲ್ಲ. ಸ್ವಾಗತ, ದೀಪ, ಹಿರಿಯರ ಹಿತವಚನಕ್ಕೆ ಒಂದು ಗಂಟೆ. ಕೊನೆಗೆ ಉಳಿದ ಹತ್ತು ನಿಮಿಷ ಮಕ್ಕಳಿಗೆ, ಕೈಯಲ್ಲಿ ಟೀಚರು ಬರೆದುಕೊಟ್ಟ ಚೀಟಿ. ಆದರೂ ಯಾವುದೋ ಒಂದು ಮಗು ಚೀಟಿ ಮಡಚಿಟ್ಟು ಕೇಳಿಬಿಡುತ್ತದೆ: "ನಮ್ಮ ಕಾಲುಸಂಕ ಅಡಿಕೆ ಮರದ್ದು. ಮಳೆಗೆ ಜಾರ್ತದೆ, ದಾಟ್ಲಿಕ್ಕೆ ಹೆದರಿಕೆ ಆಗ್ತದೆ. ಯಾವಾಗ ಸರಿ ಮಾಡ್ತೀರಿ?"

ಹತ್ತು ಸೆಕೆಂಡಿನ ಮಾತು. ಗಣ್ಯರೇ ಇಲ್ಲ, ಬಲಗೈ ಮೇಲೆ ಹೋಗಿಲ್ಲ. ಉತ್ತರ ಏನು? "ಪ್ರಸ್ತಾವನೆ ಕಳಿಸಲಾಗಿದೆ." ಹಿಂದಿನ ವರ್ಷವೂ ಅದೇ ಕಳಿಸಿದ್ದರು. ಇಲ್ಲಿ ತಮಾಷೆ ಮಾಡಲಿಕ್ಕೆ ಮನಸ್ಸು ಬರುವುದಿಲ್ಲ. ಹೆದರಿಕೆ ಆಗ್ತದೆ ಅಂತ ಮಗು ಬಾಯಿ ಬಿಟ್ಟು ಹೇಳಿದೆಯಲ್ಲ, ಇನ್ನು ಯಾವ ಭಾಷಣ ಬೇಕು ಇವರಿಗೆ? ನಡಾವಳಿ ಪುಸ್ತಕದಲ್ಲಿ ಅದು 'ಮೂಲಸೌಕರ್ಯದ ಕುರಿತು ಚರ್ಚಿಸಲಾಯಿತು' ಎಂದಾಗುತ್ತದೆ. ಸಂಜೆ ದೀಪ ಬೆಳಗಿಸಿದ ಫೋಟೋ ಗುಂಪಿಗೆ ಬರುತ್ತದೆ. ನಲವತ್ತು ಹೆಬ್ಬೆರಳು.